ಬೆಣ್ಣೆ ಕರಗಿತು, ಮಂಡಕ್ಕಿ ಅರಳಿತು



ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಪರೀಕ್ಷೆ ಹತ್ತಿರ ಬಂತೆಂದರೆ ಈ ಪಾಠ ಕಿವಿಗೆ ಬಿದ್ದೇ ಬೀಳುತ್ತದೆ. "ಘನವಸ್ತುವಿಗೆ ನಿರ್ದಿಷ್ಟ ಆಕಾರ, ನಿರ್ದಿಷ್ಟ ಗಾತ್ರ ಎರಡೂ ಇವೆ. ದ್ರವಕ್ಕೆ ಗಾತ್ರ ಇದೆ, ಆಕಾರ ಇಲ್ಲ. ಅನಿಲಕ್ಕೆ ಎರಡೂ ಇಲ್ಲ." ಮಗು ನಡುಮನೆಯಲ್ಲಿ ಕೂತು ಗಿಳಿಪಾಠ ಒಪ್ಪಿಸುತ್ತಿರುತ್ತದೆ, ನೀವು ಒಳಗೆ ಒಗ್ಗರಣೆಗೆ ಎಣ್ಣೆ ಇಡುತ್ತಿರುತ್ತೀರಿ. "ಅಮ್ಮಾ, ಇದನ್ನ ಕಲಿತು ಏನ್ ಮಾಡೋದು?" ಅಂತ ಅದು ಕೇಳಿದರೆ, "ಸುಮ್ನೆ ಓದು, ಮಾರ್ಕ್ಸ್ ಬರುತ್ತೆ" ಎಂದು ಬಾಯಿ ಮುಚ್ಚಿಸುವವರೇ ಹೆಚ್ಚು.

ಹಾಗೆ ಹೇಳಬೇಡಿ. ಆ ಪಾಠ ನಡೆಯುತ್ತಿರುವುದೇ ನಿಮ್ಮ ಒಲೆಯ ಮೇಲೆ. ಇಷ್ಟೇ ಅಲ್ಲ, ಅದರ ಮೂರನೆಯ ಸಾಲನ್ನು ಸರಿಯಾಗಿ ತಿಳಿದವಳ ಕೈ ಸುಡುವುದು ಕಡಿಮೆ. ಗಟ್ಟಿ ವಸ್ತು ಕಣ್ಣಿಗೆ ಕಾಣುತ್ತದೆ, ದ್ರವ ಚೆಲ್ಲಿದರೂ ಕಾಣುತ್ತದೆ. ಅನಿಲ ಮಾತ್ರ ಸಾಮಾನ್ಯವಾಗಿ ಕಾಣುವುದಿಲ್ಲ. ಅಡುಗೆಮನೆಯ ಸುಖವೂ ಅಪಾಯವೂ ಬಹುಮಟ್ಟಿಗೆ ಇರುವುದು ಕಾಣದ ಆ ಮೂರನೆಯದರಲ್ಲೇ.

ಈ ಸಲದ ಉದಾಹರಣೆಗಳನ್ನೆಲ್ಲ ದಾವಣಗೆರೆ, ಹರಿಹರಗಳಿಂದಲೇ ಆರಿಸಿದ್ದೇನೆ. ಸುಮಾರು 14 ಕಿಲೋಮೀಟರ್ ಅಂತರದ ಈ ಎರಡು ಊರುಗಳಲ್ಲಿ ಗಟ್ಟಿ ಕರಗುವುದನ್ನೂ, ನೀರು ಆವಿಯಾಗುವುದನ್ನೂ, ಮರ ದ್ರವವಾಗಿ ಮತ್ತೆ ನೂಲಾಗುವುದನ್ನೂ ಕಾಣಬಹುದು.

ಜಾತ್ರೆಯ ಜನದ ಹಾಗೆ

ಎಲ್ಲ ವಸ್ತುಗಳೂ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿಂದ ಆಗಿವೆ. ದಾವಣಗೆರೆಯ ದುಗ್ಗಮ್ಮನ ಜಾತ್ರೆಯನ್ನು ನೆನಪು ಮಾಡಿಕೊಳ್ಳಿ. ಊಟದ ಪಂಕ್ತಿಯಲ್ಲಿ ಜನ ಸಾಲಾಗಿ, ಒತ್ತಾಗಿ, ತಮ್ಮ ತಮ್ಮ ಜಾಗದಲ್ಲೇ ಕೂತಿರುತ್ತಾರೆ. ಕೂತಲ್ಲೇ ಸ್ವಲ್ಪ ಅಲುಗಾಡಬಹುದು, ಜಾಗ ಬಿಟ್ಟು ಏಳುವ ಹಾಗಿಲ್ಲ. ಇದು ಘನ. ಗುಡಿಯ ಮುಂದಿನ ನೂಕುನುಗ್ಗಲಿನಲ್ಲಿ ಜನ ಅಷ್ಟೇ ಒತ್ತಾಗಿದ್ದರೂ ಒಬ್ಬರನ್ನೊಬ್ಬರು ಸರಿಸಿಕೊಂಡು ಹರಿಯುತ್ತಿರುತ್ತಾರೆ. ಇದು ದ್ರವ. ಜಾತ್ರೆ ಮುಗಿದ ಮೇಲೆ ಅದೇ ಜನ ದಿಕ್ಕಿಗೊಬ್ಬರಂತೆ ಚದುರಿ ಊರೆಲ್ಲ ತುಂಬಿಕೊಳ್ಳುತ್ತಾರೆ. ಇದು ಅನಿಲ. ಜನ ಅವರೇ, ನಿಂತ ರೀತಿ ಮಾತ್ರ ಬೇರೆ.

ಹರಿಹರದ ಹರಿಹರೇಶ್ವರ ದೇವಸ್ಥಾನವನ್ನು ಹೊಯ್ಸಳರ ಕಾಲದಲ್ಲಿ, 1224ರಲ್ಲಿ, ಪೋಲಾಳ್ವ ದಂಡನಾಥ ಕಟ್ಟಿಸಿದ. ಅಲ್ಲಿನ ಮೂರ್ತಿಯ ಬಲಭಾಗ ಹರ, ಎಡಭಾಗ ಹರಿ. ಎರಡು ರೂಪ, ದೇವರು ಒಬ್ಬನೇ. ಮಂಜುಗಡ್ಡೆ, ನೀರು, ಹಬೆ ಮೂರೂ ಒಂದೇ ವಸ್ತುವಿನ ರೂಪಗಳು ಎನ್ನುವುದನ್ನು ಮಕ್ಕಳಿಗೆ ಹೇಳುವಾಗ ಈ ಮೂರ್ತಿಯನ್ನು ನೆನಪಿಸಿ, ಥಟ್ಟನೆ ತಿಳಿಯುತ್ತದೆ.

ರೂಪ ಬದಲಾಗಲು ಬೇಕಾದದ್ದು ಶಾಖ. ಶಾಖ ಕೊಟ್ಟರೆ ಕಣಗಳ ಓಡಾಟ ಹೆಚ್ಚಾಗಿ ಹಿಡಿತ ಸಡಿಲವಾಗುತ್ತದೆ. ಶಾಖ ತೆಗೆದರೆ ಮತ್ತೆ ಹತ್ತಿರ ಬಂದು ಕೂರುತ್ತವೆ. ಯಾವ ವಸ್ತು ಎಷ್ಟು ಶಾಖಕ್ಕೆ ಕರಗುತ್ತದೆ ಎನ್ನುವುದು ಅದರ ಸ್ವಭಾವ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ನ ಹತ್ತಿರ ಹೆಪ್ಪುಗಟ್ಟುತ್ತದೆ. ಹಾಗಾಗಿ ಮಾಗಿಯ ಚಳಿಯಲ್ಲಿ ಬಾಟಲಿ ಬಿಸಿಲಿಗೆ ಇಡಬೇಕಾಗುತ್ತದೆ. "ಹೆಪ್ಪುಗಟ್ಟಿದೆ, ಹಂಗಾದ್ರೆ ಶುದ್ಧ ಎಣ್ಣೆ" ಎಂದು ಪೂರ್ತಿ ನಂಬಬೇಡಿ. ಬೇರೆ ಕೆಲವು ಕೊಬ್ಬುಗಳೂ ಆ ಚಳಿಗೆ ಗಟ್ಟಿಯಾಗುತ್ತವೆ. ಇನ್ನೊಂದು ಕೊನೆಯಲ್ಲಿ ಬೀಡುಕಬ್ಬಿಣವಿದೆ. ಅದು ಕರಗಬೇಕಾದರೆ ಸುಮಾರು 1,200 ಡಿಗ್ರಿ ಬೇಕು. 1941ರಲ್ಲಿ ಹರಿಹರದಲ್ಲಿ ಶುರುವಾಗಿ, ಲೇತ್ ಯಂತ್ರಗಳಿಗೆ ಹೆಸರಾಗಿ, ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯನ್ನು ಹಳಬರು ಮರೆತಿಲ್ಲ. ಲೇತ್ ಯಂತ್ರದ ಭಾರವಾದ ಪೀಠ ಸಾಮಾನ್ಯವಾಗಿ ಕರಗಿಸಿ ಅಚ್ಚಿಗೆ ಹೊಯ್ದ ಬೀಡುಕಬ್ಬಿಣದ್ದು. ನಿಮ್ಮ ಮನೆಯ ದೋಸೆ ಹಂಚು ಬೀಡಿನದಾಗಿದ್ದರೆ ಅದೂ ಅದೇ ಜಾತಿಯದು.

ದೋಸೆ ಹಂಚಿನ ಮೇಲೆ

ಹಂಚಿನ ಮಾತು ಬಂದ ಮೇಲೆ ದಾವಣಗೆರೆ ಬೆಣ್ಣೆ ದೋಸೆಯನ್ನು ಬಿಟ್ಟು ಮುಂದೆ ಹೋಗುವುದುಂಟೇ! 1928ರಲ್ಲಿ ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಎಂಬ ತಾಯಿ ಇಲ್ಲಿ ರಾಗಿ ದೋಸೆ ಮಾಡಿ ಮಾರುತ್ತಿದ್ದರಂತೆ. ಆಮೇಲೆ 1938ರ ಹೊತ್ತಿಗೆ ಅವರ ಮಕ್ಕಳು ಅಕ್ಕಿ, ಉದ್ದು, ಮಂಡಕ್ಕಿ ಸೇರಿಸಿದ ಹಿಟ್ಟಿಗೆ ಬದಲಾದರು ಎಂದು ಊರಿನಲ್ಲಿ ಹೇಳಿಕೊಂಡು ಬಂದಿದ್ದಾರೆ.

ಕಾದ ಹಂಚಿಗೆ ನೀರು ಚಿಮುಕಿಸಿ ನೋಡಿ. ಹನಿ "ಚುಂಯ್" ಎಂದು ತಕ್ಷಣ ಆರಿಹೋದರೆ ಹಂಚು ಹದಕ್ಕೆ ಬಂದಿದೆ. ಹನಿ ಆರದೆ ಮುತ್ತಿನ ಹಾಗೆ ಗುಂಡಗಾಗಿ ಹಂಚಿನ ಮೇಲೆಲ್ಲ ಓಡಾಡಿದರೆ ಕಾವು ಅತಿಯಾಗಿದೆ. ಆಗ ಹನಿಯ ಕೆಳಗೆ ಆವಿಯ ತೆಳುವಾದ ಹಾಸು ಉಂಟಾಗಿ, ಹನಿ ಅದರ ಮೇಲೆ ತೇಲುತ್ತದೆ, ಹಂಚನ್ನು ಮುಟ್ಟುವುದೇ ಇಲ್ಲ. ಅಂಥ ಹಂಚಿಗೆ ಹಿಟ್ಟು ಹುಯ್ದರೆ ದೋಸೆ ಸೀದುಹೋಗುತ್ತದೆ. ನೀರು ಚಿಮುಕಿಸಿ ಒರೆಸಿದರೆ ಆವಿಯಾಗುವ ನೀರೇ ಶಾಖವನ್ನು ಹೊತ್ತುಕೊಂಡು ಹೋಗಿ ಹಂಚನ್ನು ತಣಿಸುತ್ತದೆ. ಹೋಟೆಲಿನ ಭಟ್ಟರು ಪ್ರತಿ ದೋಸೆಗೂ ಮುಂಚೆ ಮಾಡುವುದು ಇದನ್ನೇ. ಮಣ್ಣಿನ ಹೂಜಿ ನೀರನ್ನು ತಂಪಾಗಿಡುವುದಕ್ಕೂ ಇದೇ ಕಾರಣ.

ದೋಸೆಯ ಮೇಲೆ ಏಳುವ ಕಣ್ಣುಗಳೂ ಆವಿಯದೇ ಕೆಲಸ. ರಾತ್ರಿ ಹುಳಿ ಬರುವಾಗ ಹಿಟ್ಟಿನಲ್ಲಿ ಹುಟ್ಟಿದ ಗಾಳಿಗುಳ್ಳೆಗಳು ಕಾವಿಗೆ ಹಿಗ್ಗುತ್ತವೆ, ನೀರು ಆವಿಯಾಗಿ ದಾರಿ ಮಾಡಿಕೊಂಡು ಹೊರಡುತ್ತದೆ. ಆ ದಾರಿಗಳೇ ಕಣ್ಣುಗಳು. ಕರಗಿದ ಬೆಣ್ಣೆ ಇಳಿಯುವುದೂ ಆ ಕಣ್ಣುಗಳಿಗೇ.

ಬೆಣ್ಣೆಯಲ್ಲಿ ಬರೀ ಜಿಡ್ಡು ಇರುವುದಿಲ್ಲ, ನೂರರಲ್ಲಿ ಸುಮಾರು 16 ಪಾಲು ನೀರೇ ಇರುತ್ತದೆ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ಇನ್ನೂ ಹೆಚ್ಚಿರಬಹುದು. ತುಪ್ಪ ಕಾಸುವಾಗ ಕೇಳುವ ಚಟಪಟ ಸದ್ದು ಆ ನೀರು ಆವಿಯಾಗುವ ಸದ್ದು. ನೀರು ಇರುವವರೆಗೆ ಕಾವು 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಸದ್ದು ನಿಂತಿತೆಂದರೆ ನೀರು ಮುಗಿಯಿತು, ಇನ್ನು ಕಾವು ಸರಸರನೆ ಏರುತ್ತದೆ, ತಳದ ಚರಟ ಕಪ್ಪಾಗುತ್ತದೆ. ಹಾಗಾಗಿ ತುಪ್ಪ ಕಾಸುವಾಗ ಕಣ್ಣಿನ ಜೊತೆಗೆ ಕಿವಿಯನ್ನೂ ಅತ್ತ ಇಡಿ. ಸದ್ದು ಅಡಗಿ, ಘಮ ಬಂತೋ, ಒಲೆ ಆರಿಸಿ.

ಮಂಡಕ್ಕಿ ಭಟ್ಟಿಯಲ್ಲಿ

ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಬಡಾವಣೆಯೇ ಇದೆ. ಸಂಜೆಗೆ ಮಂಡಕ್ಕಿ, ಮೆಣಸಿನಕಾಯಿ ಇಲ್ಲದ ದಿನ ಆ ಊರಿನವರಿಗೆ ದಿನವೇ ಅಲ್ಲ. ಭತ್ತವನ್ನು ನೆನೆಸಿ, ಕಾಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪುನೀರು ಸೋಕಿಸಿ ಹದಗೊಳಿಸಿದ ಆ ಅಕ್ಕಿಯನ್ನು ಚೆನ್ನಾಗಿ ಕಾದ ಮರಳಿಗೆ ಹಾಕುತ್ತಾರೆ. ಕೆಲವೇ ಕ್ಷಣ! ಅಕ್ಕಿಯೊಳಗೆ ಉಳಿದಿದ್ದ ಅಲ್ಪ ತೇವ ಒಮ್ಮೆಲೇ ಆವಿಯಾಗಿ, ಹೊರಬರಲು ಜಾಗ ಸಾಲದೆ, ಕಾಳನ್ನೇ ಉಬ್ಬಿಸಿಬಿಡುತ್ತದೆ. ತಕ್ಷಣ ಜರಡಿ ಹಿಡಿದು ಮರಳನ್ನು ಬೇರೆ ಮಾಡುತ್ತಾರೆ.

ಇಷ್ಟು ಸಣ್ಣ ತೇವಕ್ಕೆ ಅಷ್ಟು ಶಕ್ತಿ ಎಲ್ಲಿಂದ ಬಂತು? ಒಂದು ಲೋಟ ನೀರು ಪೂರ್ತಿ ಹಬೆಯಾದರೆ 1,600ಕ್ಕೂ ಹೆಚ್ಚು ಲೋಟದಷ್ಟು ಜಾಗ ಕೇಳುತ್ತದೆ. ಈ ಒಂದು ಲೆಕ್ಕ ನೆನಪಿಟ್ಟುಕೊಳ್ಳಿ. ಮುಂದೆ ಹೇಳುವುದರಲ್ಲಿ ಬಹಳಷ್ಟು ಇದರ ಮೇಲೇ ನಿಂತಿದೆ.

ಡಬ್ಬಿ ತೆರೆದಿಟ್ಟರೆ ಮಂಡಕ್ಕಿ ಮೆತ್ತಗಾಗುತ್ತದಲ್ಲ, ಅದು ಗಾಳಿಯಲ್ಲಿರುವ ನೀರಿನ ಆವಿಯನ್ನು ಹೀರಿಕೊಂಡದ್ದರಿಂದ. ಎಣ್ಣೆ ಹಾಕದೆ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಎರಡು ನಿಮಿಷ ಕೈಯಾಡಿಸಿ. ತೇವ ಹೊರಟುಹೋಗಿ ಮತ್ತೆ ಗರಿಗರಿಯಾಗುತ್ತದೆ. ಪೂರ್ತಿ ತಣ್ಣಗಾದ ಮೇಲೆಯೇ ಡಬ್ಬಿಗೆ ತುಂಬಿ, ಮುಚ್ಚಳ ಬಿಗಿ ಮಾಡಿ.

ಹಬೆಯ ಸುಡುವಿಕೆ

ಕುದಿಯುವ ಪಾತ್ರೆಯಿಂದ ಬೆಳ್ಳಗೆ ಏಳುವುದನ್ನು ನಾವು ಹಬೆ ಎನ್ನುತ್ತೇವೆ. ನಿಜವಾಗಿ ಅದು ತಣ್ಣಗಾಗಿ ಮತ್ತೆ ನೀರಾದ ಸಣ್ಣ ಹನಿಗಳು. ಕೆಟಲಿನ ಮೂತಿಗೂ ಆ ಬಿಳಿಗೂ ನಡುವೆ ಏನೂ ಇಲ್ಲದ ಹಾಗೆ ಕಾಣುವ ಜಾಗವಿದೆಯಲ್ಲ, ನಿಜವಾದ ಹಬೆ ಅಲ್ಲಿದೆ. ಅದೇ ಹೆಚ್ಚು ಸುಡುವುದು.

ಎಷ್ಟು ಹೆಚ್ಚು? 100 ಡಿಗ್ರಿಯ ಒಂದು ಗ್ರಾಂ ನೀರು ಚರ್ಮದ ಮೇಲೆ ಬಿದ್ದು ಮೈಯ ಬಿಸಿಗೆ ಇಳಿಯುವಾಗ ಸುಮಾರು 63 ಕ್ಯಾಲರಿ ಶಾಖ ಬಿಡುತ್ತದೆ. ಒಂದು ಗ್ರಾಂ ಹಬೆಯಾದರೋ, ಮೊದಲು ನೀರಾಗುವುದಕ್ಕೇ ಸುಮಾರು 540 ಕ್ಯಾಲರಿ ಬಿಟ್ಟು, ಆಮೇಲೆ ಈ 63ನ್ನೂ ಬಿಡುತ್ತದೆ. ಹತ್ತಿರ ಹತ್ತಿರ ಹತ್ತು ಪಟ್ಟು! ಇಡ್ಲಿ ಪಾತ್ರೆಯ ಮುಚ್ಚಳವನ್ನು ನಿಮ್ಮ ಕಡೆಯಿಂದ ಎತ್ತಬೇಡಿ. ಆಚೆಯ ಅಂಚನ್ನು ಮೊದಲು ಎತ್ತಿ, ಹಬೆ ಗೋಡೆಯ ಕಡೆಗೆ ಹೋಗಲಿ. ಕಾದ ಪಾತ್ರೆಯನ್ನು ಒದ್ದೆ ಬಟ್ಟೆಯಲ್ಲಿ ಹಿಡಿಯಬೇಡಿ. ಬಟ್ಟೆಯ ನೀರು ಹಬೆಯಾಗಿ ಬೆರಳನ್ನೇ ಸುಡುತ್ತದೆ. ಒಣ ಬಟ್ಟೆ ಇಲ್ಲವೇ ಇಕ್ಕಳವೇ ಸರಿ.

ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿ ತೆರೆದ ಪಾತ್ರೆಯಲ್ಲಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಎಷ್ಟು ಉರಿ ಹೆಚ್ಚಿಸಿದರೂ ನೀರಿನ ಕಾವು ಅದಕ್ಕಿಂತ ಏರದು, ಗ್ಯಾಸು ದಂಡ ಅಷ್ಟೆ. ಆದ್ದರಿಂದ ಬೇಳೆ ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ. ಕುಕ್ಕರಿನಲ್ಲಿ ಹಬೆಯನ್ನು ಹೊರಗೆ ಬಿಡದೆ ಒತ್ತಿಟ್ಟಿರುವುದರಿಂದ ನೀರು 120 ಡಿಗ್ರಿಯ ಹತ್ತಿರಕ್ಕೆ ಏರುತ್ತದೆ, ಬೇಳೆ ಬೇಗ ಬೇಯುತ್ತದೆ.

ಕುಕ್ಕರಿನೊಳಗೆ ಹಬೆಗೆ ಜಾಗ ಬೇಕು. ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ನೊರೆ ಬರುವ ಅಕ್ಕಿ, ಬೇಳೆಗಳಾದರೆ ಅರ್ಧ ಸಾಕು. ವೆಯ್ಟ್ ಇಡುವ ಮುಂಚೆ ಅದರ ಕೊಳವೆಯನ್ನು ಬೆಳಕಿಗೆ ಹಿಡಿದು ಒಂದು ಸಲ ನೋಡಿ, ಬೇಳೆ ಸಿಪ್ಪೆ ಸಿಕ್ಕಿಕೊಂಡಿರಬಹುದು. ಮುಚ್ಚಳದ ಸೇಫ್ಟಿ ವಾಲ್ವಿನಲ್ಲಿ ಬೇಗ ಕರಗುವ ಲೋಹದ ತುಂಡು ಇರುತ್ತದೆ. ಕಾವು ಮಿತಿ ಮೀರಿದರೆ ಅದು ಕರಗಿ ಹಬೆಗೆ ದಾರಿ ಬಿಡುತ್ತದೆ. ಕರಗುವುದೇ ಅದರ ಧರ್ಮ, ತಾನು ಹಾಳಾಗಿ ನಿಮ್ಮನ್ನು ಉಳಿಸುತ್ತದೆ. ಅದು ಹೋದ ಮೇಲೆ ಇನ್ನೇನನ್ನೋ ತುರುಕಿ ಕೆಲಸ ಸಾಗಿಸಬೇಡಿ, ಅದೇ ಕಂಪೆನಿಯ ವಾಲ್ವನ್ನೇ ತಂದು ಹಾಕಿಸಿ.

ಬಾಣಲೆಗೆ ಬೆಂಕಿ ಹತ್ತಿದರೆ

ಮೆಣಸಿನಕಾಯಿ ಬಜ್ಜಿ ಕರಿಯುವಾಗ ಎಣ್ಣೆ ಅತಿಯಾಗಿ ಕಾದು ಬೆಂಕಿ ಹತ್ತಿತು ಎನ್ನಿ. ಗಾಬರಿಯಲ್ಲಿ ಕೈ ಹೋಗುವುದು ನೀರಿನ ಚೊಂಬಿಗೆ. ದಯವಿಟ್ಟು ಬೇಡ! ನೀರು ಎಣ್ಣೆಗಿಂತ ಭಾರ, ನೇರವಾಗಿ ತಳಕ್ಕೆ ಇಳಿಯುತ್ತದೆ. ಅಲ್ಲಿ ಒಮ್ಮೆಲೇ ಹಬೆಯಾಗಿ, ಆಗಲೇ ಹೇಳಿದ ಲೆಕ್ಕದಂತೆ 1,600 ಪಟ್ಟು ಜಾಗ ಬೇಡುತ್ತಾ, ಉರಿಯುವ ಎಣ್ಣೆಯನ್ನು ಸೂರಿಗೂ ನಿಮ್ಮ ಮೈಗೂ ಎರಚುತ್ತದೆ. ಮಂಡಕ್ಕಿಯನ್ನು ಅರಳಿಸಿದ ಶಕ್ತಿಯೇ ಇದು. ಕೈಗೆ ಎಟುಕಿದರೆ ಗ್ಯಾಸ್ ಆರಿಸಿ, ಬಾಣಲೆಯನ್ನು ಎತ್ತಿಕೊಂಡು ಓಡದೆ, ಅದಕ್ಕಿಂತ ದೊಡ್ಡ ತಟ್ಟೆಯನ್ನೋ ಮುಚ್ಚಳವನ್ನೋ ಪಕ್ಕದಿಂದ ಸರಿಸಿ ಮುಚ್ಚಿಬಿಡಿ. ಗಾಳಿ ಸಿಗದೆ ಬೆಂಕಿ ತಾನಾಗಿ ಸಾಯುತ್ತದೆ. ತಣ್ಣಗಾಗುವ ತನಕ ಮುಚ್ಚಳ ತೆಗೆಯಬೇಡಿ. ಬೆಂಕಿ ಬಾಣಲೆ ಬಿಟ್ಟು ಹಬ್ಬಿದರೆ ಮನೆಯವರನ್ನೆಲ್ಲ ಕರೆದುಕೊಂಡು ಹೊರಗೆ ಬನ್ನಿ.

ಸಿಲಿಂಡರಿನ ಒಳಗೆ

ಗ್ಯಾಸ್ ಸಿಲಿಂಡರನ್ನು ಅಲುಗಿಸಿದರೆ ಒಳಗೆ ತುಳುಕುವುದು ತಿಳಿಯುತ್ತದೆ. "ಗ್ಯಾಸು ಅಂತಾರೆ, ಒಳಗೆ ನೀರಿನ ಹಂಗೆ ಅಲುಗಾಡುತ್ತಲ್ಲ?" ಎಂದು ಅನ್ನಿಸಿರಬಹುದು. ಹೌದು, ಒಳಗಿರುವುದು ಹೆಚ್ಚಾಗಿ ದ್ರವವೇ. ಪ್ರೊಪೇನ್, ಬ್ಯೂಟೇನ್ ಎಂಬ ಅನಿಲಗಳನ್ನು ಒತ್ತಡದಿಂದ ದ್ರವ ಮಾಡಿ ತುಂಬಿರುತ್ತಾರೆ. ಒಂದು ಲೀಟರ್ ದ್ರವ ಹೊರಬಂದರೆ ಸುಮಾರು 250 ಲೀಟರ್ ಅನಿಲವಾಗುತ್ತದೆ. ಹೀಗಾಗಿಯೇ ಮನೆಬಳಕೆಯ ಅಷ್ಟು ಚಿಕ್ಕ ಸಿಲಿಂಡರಿನಲ್ಲಿ 14.2 ಕಿಲೋ ಹಿಡಿಸುತ್ತದೆ, ವಾರಗಟ್ಟಲೆ ಅಡುಗೆಯಾಗುತ್ತದೆ.

ಸಿಲಿಂಡರನ್ನು ಯಾವಾಗಲೂ ನಿಲ್ಲಿಸಿಯೇ ಇಡಬೇಕು. ನಿಂತಿದ್ದರೆ ದ್ರವ ಕೆಳಗೆ, ಅನಿಲ ಮೇಲೆ. ಕೊಳವೆಗೆ ಬರುವುದು ಅನಿಲ ಮಾತ್ರ. ಮಲಗಿಸಿದರೆ ದ್ರವವೇ ಹೊರಗೆ ನುಗ್ಗಬಹುದು, ಒಂದಕ್ಕೆ 250 ಪಟ್ಟಾಗಿ ಹಿಗ್ಗಿ ಉರಿ ಭುಗಿಲೇಳಬಹುದು. ಗ್ಯಾಸು ಮುಗಿಯುತ್ತಾ ಬಂತೆಂದು ಸಿಲಿಂಡರನ್ನು ಉರುಳಿಸುವುದು, ಬಿಸಿನೀರಿನಲ್ಲಿ ಇಡುವುದು ಎರಡೂ ಬೇಡ. ಕಾದಂತೆ ಒಳಗಿನ ದ್ರವ ಹಿಗ್ಗುತ್ತದೆ, ಒತ್ತಡ ಏರುತ್ತದೆ. ಇದಕ್ಕೆಂದೇ ಸಿಲಿಂಡರನ್ನು ಪೂರ್ತಿ ತುಂಬದೆ ಮೇಲೆ ಜಾಗ ಬಿಟ್ಟಿರುತ್ತಾರೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಹೊಗೆಯ ಹಾಗೆ ಮೇಲೇರದು, ನೀರಿನ ಹಾಗೆ ನೆಲದ ಮೇಲೆ ಹರಡಿ, ಮೂಲೆಯಲ್ಲಿ, ಕಟ್ಟೆಯ ಕೆಳಗೆ, ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ಎರಡು ಪಾಲು ಸೇರಿದರೂ ಒಂದು ಕಿಡಿ ಸಾಕು. ಅದಕ್ಕೆ ತನ್ನದೇ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ನಮಗೆ ತಿಳಿಯಲೆಂದೇ ಮರ್ಕ್ಯಾಪ್ಟನ್ ಎಂಬ ನಾತದ ವಸ್ತುವನ್ನು ಬೆರೆಸಿರುತ್ತಾರೆ. ಆ ನಾತ ಬಂದಾಗ ಅಡ್ಜಸ್ಟ್ ಮಾಡಿಕೊಳ್ಳಬೇಡಿ, ಅದು ನಿಮ್ಮನ್ನು ಕೂಗಿ ಕರೆಯುತ್ತಿದೆ.

ಬೆಳಗಿನ ಜಾವ ಅಡುಗೆಮನೆಗೆ ಕಾಲಿಟ್ಟಾಗ ವಾಸನೆ ಬಂದರೆ ಲೈಟಿನ ಸ್ವಿಚ್ ಮುಟ್ಟಬೇಡಿ, ಹಾಕುವುದೂ ಬೇಡ, ಆರಿಸುವುದೂ ಬೇಡ. ಎರಡರಲ್ಲೂ ಕಿಡಿ ಹಾರುತ್ತದೆ. ಫ್ಯಾನ್, ಎಕ್ಸಾಸ್ಟ್ ಹಾಕಬೇಡಿ. ದೇವರ ದೀಪ, ಊದುಬತ್ತಿ ಹತ್ತಿರದಲ್ಲಿ ಉರಿಯುವ ಹಾಗಿಲ್ಲ. ಬಾಗಿಲುಗಳನ್ನು ಪೂರ್ತಿ ತೆರೆಯಿರಿ. ಎತ್ತರದ ಕಿಟಕಿಯೊಂದೇ ಸಾಲದು, ಅನಿಲ ಇರುವುದು ನೆಲದಲ್ಲಿ. ರೆಗ್ಯುಲೇಟರ್ ಬಂದ್ ಮಾಡಿ, ತೆಗೆದು, ಸಿಲಿಂಡರಿನ ಬಾಯಿಗೆ ಮುಚ್ಚಳ ಹಾಕಿ. ಎಲ್ಲರನ್ನೂ ಹೊರಗೆ ಕಳಿಸಿ, ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ. ಸೋರಿಕೆ ಎಲ್ಲಿದೆ ಎಂದು ಕಡ್ಡಿ ಗೀರಿ ನೋಡುವ ಹುಚ್ಚು ಧೈರ್ಯ ಯಾರಿಗೂ ಬೇಡ. ಸೋಪಿನ ನೊರೆ ಹಚ್ಚಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ.

ಕರಗುವ ಸೀರೆ, ಕರಗದ ಸೀರೆ

ಒಲೆಯ ಮುಂದೆ ಏನು ಉಟ್ಟಿರಬೇಕು ಎನ್ನುವುದಕ್ಕೂ ಇದೇ ಪಾಠ ಉತ್ತರ ಹೇಳುತ್ತದೆ. ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರು, ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿತ್ತು. ಹರಿಹರದ ಎದುರು, ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿರುವ ಕಾರ್ಖಾನೆ ಮರದಿಂದ ನೂಲಿನ ಎಳೆ ತೆಗೆಯುವುದಕ್ಕೆ ಹೆಸರಾದದ್ದು. ಮರದ ತಿರುಳು ಕಾಯಿಸಿದರೆ ಕರಗದು, ಸೀದುಹೋಗುತ್ತದೆ. ಅದಕ್ಕಾಗಿ ಕಾಸ್ಟಿಕ್ ಸೋಡಾ ಮತ್ತಿತರ ರಾಸಾಯನಿಕ ಸೇರಿಸಿ ಜೇನಿನಂಥ ದ್ರವ ಮಾಡಿ, ಕೂದಲೆಳೆಯಂಥ ತೂತುಗಳ ಮೂಲಕ ಆಮ್ಲದ ತೊಟ್ಟಿಗೆ ಒತ್ತುತ್ತಾರೆ. ಅಲ್ಲಿ ಅದು ಮತ್ತೆ ಗಟ್ಟಿ ಎಳೆಯಾಗುತ್ತದೆ. ಇದನ್ನೇ ವಿಸ್ಕೋಸ್, ರೇಯಾನ್ ಎನ್ನುವುದು.

ಹತ್ತಿ, ವಿಸ್ಕೋಸ್ ಎರಡೂ ಬೆಂಕಿ ಹತ್ತಿದರೆ ಉರಿದು ಬೂದಿಯಾಗುತ್ತವೆ. ಪಾಲಿಯೆಸ್ಟರ್, ನೈಲಾನ್ ಸೀರೆಗಳು ಹಾಗಲ್ಲ. 220ರಿಂದ 260 ಡಿಗ್ರಿಯ ಒಳಗೆ ಕರಗಿ, ಬಿಸಿ ಅಂಟಿನ ಹಾಗೆ ಚರ್ಮಕ್ಕೆ ಮೆತ್ತಿಕೊಳ್ಳುತ್ತವೆ. ಗಾಯ ಆಳವಾಗುತ್ತದೆ. ಅಡುಗೆಗೆ ನಿಂತಾಗ ದಪ್ಪನೆಯ ಹತ್ತಿ ಬಟ್ಟೆಯೇ ಮೇಲು, ಆದರೆ ಅದಕ್ಕೂ ಬೆಂಕಿ ಹತ್ತುತ್ತದೆ. ಯಾವ ಸೀರೆಯಾದರೂ ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿ. ಬಟ್ಟೆಗೆ ಬೆಂಕಿ ತಗುಲಿದರೆ ಓಡಬೇಡಿ, ನೆಲಕ್ಕೆ ಮಲಗಿ ಉರುಳಿ, ದಪ್ಪ ಕಂಬಳಿ ಸುತ್ತಲಿ.

ಸುಟ್ಟ ಗಾಯಕ್ಕೆ ಮೊದಲ ಮದ್ದು ನಲ್ಲಿಯ ತಣ್ಣೀರು, 20 ನಿಮಿಷ ಬಿಡದೆ ಹರಿಯಲಿ. ತುಪ್ಪ, ಇಂಕು, ಟೂತ್‌ಪೇಸ್ಟ್, ಮಂಜುಗಡ್ಡೆ ಯಾವುದೂ ಬೇಡ. ಬಳೆ, ಉಂಗುರಗಳನ್ನು ಬಾವು ಬರುವ ಮುಂಚೆ ತೆಗೆಯಿರಿ. ಮೈಗೆ ಅಂಟಿದ ಬಟ್ಟೆಯನ್ನು ಕೀಳಬೇಡಿ. ಶುಭ್ರ ಬಟ್ಟೆ ಹೊದಿಸಿ ಆಸ್ಪತ್ರೆಗೆ ನಡೆಯಿರಿ, ಆಂಬುಲೆನ್ಸ್‌ಗೆ 108.

ಮಕ್ಕಳಿಗೆ ಮಾಡಿ ತೋರಿಸಿ

ಬರೀ ಎಚ್ಚರಿಕೆಯ ಮಾತಾಯಿತು ಎನ್ನಬೇಡಿ, ಮಕ್ಕಳ ಜೊತೆ ಮಾಡಿ ನೋಡುವುದೂ ಇದೆ.

ಒಣ ಲೋಟದ ತಳಕ್ಕೆ ಕಾಗದದ ಉಂಡೆ ಒತ್ತಿ, ಲೋಟವನ್ನು ಬೋರಲಾಗಿ ನೇರವಾಗಿ ಬಕೆಟ್ಟಿನ ನೀರಿಗೆ ಇಳಿಸಿ. ಹೊರಗೆ ತೆಗೆದಾಗ ಕಾಗದ ಒದ್ದೆಯಾಗಿರುವುದಿಲ್ಲ. ಖಾಲಿ ಎಂದುಕೊಂಡ ಲೋಟದಲ್ಲಿ ಗಾಳಿ ಕೂತಿತ್ತು.

ಸೂಜಿ ಇಲ್ಲದ ಹೊಸ ಸಿರಿಂಜಿನಲ್ಲಿ ಗಾಳಿ ತುಂಬಿ, ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಲು ಹೇಳಿ. ಒಳಗೆ ಸರಿಯುತ್ತದೆ. ನೀರು ತುಂಬಿ ಒತ್ತಿದರೆ ಜಗ್ಗುವುದಿಲ್ಲ. ಅನಿಲವನ್ನು ಒತ್ತಿ ಕುಗ್ಗಿಸಬಹುದು, ದ್ರವವನ್ನು ಹಾಗೆ ಕುಗ್ಗಿಸಲಾಗದು.

"ರವೆ, ಸಕ್ಕರೆ ಕೂಡ ಡಬ್ಬಿಯ ಆಕಾರಕ್ಕೆ ಬರುತ್ತವಲ್ಲ, ಅವು ದ್ರವವೇ?" ಎಂದು ಜಾಣ ಮಗು ಕೇಳೀತು. ತಟ್ಟೆಗೆ ಸುರಿದು ತೋರಿಸಿ. ಗುಡ್ಡೆಯಾಗಿ ನಿಲ್ಲುತ್ತದೆ, ನೀರಿನಂತೆ ಮಟ್ಟವಾಗುವುದಿಲ್ಲ. ಒಂದೊಂದು ಕಾಳೂ ತನ್ನ ಆಕಾರ ಬಿಟ್ಟುಕೊಟ್ಟಿಲ್ಲ. ಹಾಗಾಗಿ ಘನವೇ.

ಮುಂದಿನ ಸಲ ಮಗು ಆ ಮೂರು ಸಾಲು ಒಪ್ಪಿಸುವಾಗ ಒಳಗೆ ಕರೆದು, ಹಂಚಿನ ಮೇಲಿನ ಹನಿಯನ್ನು ತೋರಿಸಿ. ಹಾಗೆಯೇ ಮೂಗು ಚುರುಕಾಗಿಟ್ಟುಕೊಳ್ಳುವುದನ್ನೂ, ಸ್ವಿಚ್ ಮುಟ್ಟಬಾರದು ಎನ್ನುವುದನ್ನೂ ಕಲಿಸಿ. ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಇದು ಬಾರದೆ ಇರಬಹುದು. ಮನೆಯಲ್ಲಿ ಎಂದಾದರೂ ಬಂದೀತು.